ಹಳದಿ ದೀಪ ಏನು ಹೇಳುತ್ತದೆ? ‘ಅಬ್‌ಸ್ಟೇನ್’ ಅಂದರೆ ಗೈರುಹಾಜರಿ ಅಲ್ಲ

2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಒಂದು ಮತದಾನ ನಡೆಯಿತು. ಉಕ್ರೇನ್ ಮೇಲಿನ ರಷ್ಯಾದ ದಾಳಿಯನ್ನು ಖಂಡಿಸುವ ನಿರ್ಣಯ ಅದು. ಪರ 141, ವಿರೋಧ 5. ಈ ಎರಡು ಅಂಕಿಗಳನ್ನು ಎಲ್ಲರೂ ಓದಿದರು. ಆದರೆ ವಿಶ್ವಸಂಸ್ಥೆಯಲ್ಲಿ ಇರುವುದು 193 ದೇಶಗಳು. ಉಳಿದ 47 ಎಲ್ಲಿ ಹೋದವು? ಅವುಗಳಲ್ಲಿ 35 ದೇಶಗಳು ಹಳದಿ ಗುಂಡಿ ಒತ್ತಿದವು. ಇನ್ನು 12 ದೇಶಗಳು ಯಾವ ಗುಂಡಿಯನ್ನೂ ಒತ್ತಲಿಲ್ಲ. ಭಾರತ, ಚೀನಾ ಇದ್ದದ್ದು 35ರ ಪಟ್ಟಿಯಲ್ಲಿ. ವೆನೆಜುವೆಲಾ ಇದ್ದದ್ದು 12ರ ಪಟ್ಟಿಯಲ್ಲಿ. ವಿಶ್ವಸಂಸ್ಥೆಗೆ ಕಟ್ಟಬೇಕಾದ ಹಣ ಬಾಕಿ ಉಳಿಸಿಕೊಂಡಿದ್ದರಿಂದ ಅದಕ್ಕೆ ಆಗ ಮತದ ಹಕ್ಕೇ ಇರಲಿಲ್ಲ.

ಹಳದಿ ಗುಂಡಿ ಒತ್ತಿದ 35 ದೇಶಗಳು ಮಾಡಿದ ಕೆಲಸಕ್ಕೆ ಇಂಗ್ಲಿಷ್‌ನಲ್ಲಿ ‘ಅಬ್‌ಸ್ಟೇನ್’ ಎನ್ನುತ್ತಾರೆ. ಉಳಿದ 12 ದೇಶಗಳದ್ದು ಅಬ್‌ಸ್ಟೇನ್ ಅಲ್ಲ. ಇಂಥ ಸುದ್ದಿ ಕನ್ನಡಕ್ಕೆ ಬರುವಾಗ ಈ ಗೆರೆ ಅಳಿಸಿಹೋಗುತ್ತದೆ. ‘ಮತದಾನಕ್ಕೆ ಗೈರು’, ‘ತಟಸ್ಥ ನಿಲುವು’, ‘ಮತದಾನದಿಂದ ದೂರ’ ಈ ಮೂರನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಒಂದು ಪದದ ವಿಷಯಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಅನ್ನಿಸಬಹುದು. ಆದರೆ ಈ ಪದ ತಪ್ಪಾಗಿ ಅರ್ಥವಾದರೆ ಯಾರು ಏನು ಮಾಡಿದರು ಎಂಬುದೇ ತಪ್ಪಾಗಿ ಅರ್ಥವಾಗುತ್ತದೆ. ಸರ್ಕಾರಗಳು ಉಳಿದದ್ದು, ನ್ಯಾಯಾಧೀಶರೊಬ್ಬರು ಪದಚ್ಯುತಿಯಿಂದ ಪಾರಾದದ್ದು, ಒಂದು ದೇಶವನ್ನು ಎರಡು ಮಾಡುವ ನಿರ್ಣಯ ಗೆದ್ದದ್ದು, ಇವೆಲ್ಲದರ ಹಿಂದೆ ಅಬ್‌ಸ್ಟೇನ್ ಮಾಡಿದವರ ಪಾಲಿದೆ.

ಮೊದಲು ಪದದ ಹುಟ್ಟು ನೋಡೋಣ. ಅಬ್‌ಸ್ಟೇನ್ ಮತ್ತು ಅಬ್‌ಸೆಂಟ್ ಕಿವಿಗೆ ಅಣ್ಣತಮ್ಮಂದಿರಂತೆ ಕೇಳುತ್ತವೆ. ಎರಡರ ಮುಂದೆಯೂ ‘ಆಚೆ, ದೂರ’ ಎಂಬ ಅರ್ಥದ ಲ್ಯಾಟಿನ್ ತುಣುಕು ಇದೆ. ವ್ಯತ್ಯಾಸ ಇರುವುದು ಅದರ ಮುಂದೆ. ಅಬ್‌ಸೆಂಟ್‌ನಲ್ಲಿ ಅಡಗಿರುವುದು ‘ಇರು’ ಎಂಬ ಕ್ರಿಯಾಪದ. ಆಚೆ ಇರು, ಅಂದರೆ ಇಲ್ಲಿ ಇಲ್ಲ. ಅಬ್‌ಸ್ಟೇನ್‌ನಲ್ಲಿ ಅಡಗಿರುವುದು ‘ತೆನೇರೆ’, ಅಂದರೆ ‘ಹಿಡಿ’ ಎಂಬ ಕ್ರಿಯಾಪದ. ತನ್ನನ್ನು ತಾನೇ ಆಚೆಗೆ ಹಿಡಿದುಕೊಳ್ಳುವುದು. ರಿಟೇನ್, ಮೇಂಟೇನ್, ಕಂಟೇನ್ ಎಂಬ ಪದಗಳಲ್ಲೂ ಇದೇ ‘ಹಿಡಿ’ ಇದೆ. ಹಾಗಾಗಿ ಅಬ್‌ಸೆಂಟ್ ಎಂಬುದು ಒಂದು ಸ್ಥಿತಿ, ಅಬ್‌ಸ್ಟೇನ್ ಎಂಬುದು ಒಂದು ಕೆಲಸ. ಬಸ್ ತಪ್ಪಿದರೂ ಅಬ್‌ಸೆಂಟ್ ಆಗಬಹುದು, ಜ್ವರ ಬಂದರೂ ಆಗಬಹುದು. ಆದರೆ ಬೇಕಂತಲೇ ಅಲ್ಲದೆ ಯಾರೂ ಅಬ್‌ಸ್ಟೇನ್ ಮಾಡುವುದಿಲ್ಲ. ಮತ ಹಾಕಬಹುದಿತ್ತು, ಹಕ್ಕಿತ್ತು, ಅವಕಾಶವೂ ಇತ್ತು. ಆದರೂ ಕೈ ತಡೆದರು.

ಈ ಪದ ಇಂಗ್ಲಿಷ್‌ಗೆ ಬಂದದ್ದು ಹದಿನಾಲ್ಕನೇ ಶತಮಾನದಲ್ಲಿ, ಫ್ರೆಂಚ್ ಮೂಲಕ. ಆಗ ಮತಗಿತ ಏನೂ ಇಲ್ಲ. ಊಟ, ಕುಡಿತ, ಭೋಗದಿಂದ ತನ್ನನ್ನು ತಡೆದುಕೊಳ್ಳುವುದು ಎಂಬ ಧರ್ಮದ ಅರ್ಥ. ಆ ಅರ್ಥ ಇಂದಿಗೂ ಉಳಿದಿದೆ. ಅದಕ್ಕೇ ಕ್ರಿಯಾಪದ ಒಂದೇ ಆದರೂ ಅದರಿಂದ ಎರಡು ನಾಮಪದಗಳು ಬೇರೆಯಾಗಿವೆ. ಕುಡಿತ ಬಿಡುವುದು ‘ಅಬ್‌ಸ್ಟಿನೆನ್ಸ್’, ಮತ ಹಾಕದಿರುವುದು ‘ಅಬ್‌ಸ್ಟೆನ್ಶನ್’. ಇವೆರಡನ್ನು ಅದಲು ಬದಲು ಮಾಡಿದರೆ ಇಂಗ್ಲಿಷ್ ಬಲ್ಲವರಿಗೆ ತಕ್ಷಣ ಕಿವಿ ಚುಚ್ಚುತ್ತದೆ.

ವ್ಯಾಕರಣದ ಮಾತು ಒಂದಿಷ್ಟು. ಈ ಕ್ರಿಯಾಪದಕ್ಕೆ ಕರ್ಮಪದ ಇರುವುದಿಲ್ಲ. ‘ಮತವನ್ನು ಅಬ್‌ಸ್ಟೇನ್ ಮಾಡಿದರು’ ಎಂಬ ರಚನೆ ಇಂಗ್ಲಿಷ್‌ನಲ್ಲಿ ಇಲ್ಲ. ‘ಯಾವುದರಿಂದ’ ಅಂತ ಹೇಳಬೇಕಾದರೆ ‘ಫ್ರಮ್’ ಬರುತ್ತದೆ. ‘ಯಾವ ನಿರ್ಣಯದ ಮೇಲೆ’ ಅಂತ ಹೇಳಬೇಕಾದರೆ ‘ಆನ್’ ಬರುತ್ತದೆ. ಸಂದರ್ಭ ಗೊತ್ತಿದ್ದರೆ ಏನೂ ಸೇರಿಸದೆ ‘ಶೀ ಅಬ್‌ಸ್ಟೇನ್ಡ್’ ಅಂದರೆ ಸಾಕು, ಪೂರ್ತಿ ವಾಕ್ಯವಾಗುತ್ತದೆ. ಹತ್ತಿರದ ಅರ್ಥದ ‘ರಿಫ್ರೇನ್’ ಎಂಬ ಇನ್ನೊಂದು ಪದವೂ ಇದೆ. ಅದರ ಬೇರು ಕುದುರೆಯ ಕಡಿವಾಣ. ಬಾಯಿಗೆ ಬಂದ ಮಾತನ್ನು ಆ ಕ್ಷಣಕ್ಕೆ ತಡೆದುಕೊಂಡರೆ ರಿಫ್ರೇನ್. ಯೋಚಿಸಿ, ತೀರ್ಮಾನಿಸಿ, ದಾಖಲೆಗೆ ಸಿಗುವಂತೆ ತಡೆದುಕೊಂಡರೆ ಅಬ್‌ಸ್ಟೇನ್.

ನಿಘಂಟು ಹೇಳುವುದು ಇಷ್ಟೇ. ಆದರೆ ನನ್ನ ಪ್ರಕಾರ ಈ ಪದದ ಅರ್ಥ ನಿಘಂಟಿನಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧ ಇರುವುದು ಸಭೆಯ ನಿಯಮದ ಪುಸ್ತಕದಲ್ಲಿ.

ಹತ್ತು ಜನರ ಒಂದು ಸಮಿತಿ ಅಂದುಕೊಳ್ಳಿ. ನಾಲ್ವರು ಬೇಕು ಎಂದರು, ಮೂವರು ಬೇಡ ಎಂದರು, ಮೂವರು ಮತ ಹಾಕದೆ ಸುಮ್ನೆ ಕುಳಿತರು. ಗೆದ್ದವರು ಯಾರು? ನಿಯಮ ‘ಹಾಜರಿದ್ದು ಮತ ಹಾಕಿದವರ ಬಹುಮತ’ ಅಂತಿದ್ದರೆ ಲೆಕ್ಕಕ್ಕೆ ಬರುವುದು ಏಳೇ ಮತ. ಅದರಲ್ಲಿ ನಾಲ್ಕು ಬಂದಿವೆ, ನಿರ್ಣಯ ಪಾಸ್. ನಿಯಮ ‘ಹಾಜರಿದ್ದವರ ಬಹುಮತ’ ಅಂತಿದ್ದರೆ ಆರು ಮತ ಬೇಕಿತ್ತು, ನಿರ್ಣಯ ಬಿತ್ತು. ಕುಳಿತ ಆ ಮೂವರು ಎರಡೂ ಸಲ ಮಾಡಿದ್ದು ಒಂದೇ ಕೆಲಸ. ಮೊದಲ ಸಲ ಅವರು ಲೆಕ್ಕದಿಂದ ಹೊರಗೆ ಹೋದರು. ಎರಡನೇ ಸಲ ಅವರಿಗೆ ಬೇಕಿತ್ತೋ ಇಲ್ಲವೋ, ಅವರ ಮೌನ ‘ಬೇಡ’ ಎಂಬ ಮತವಾಯಿತು.

ಇದು ಬರೀ ಕಾಗದದ ಲೆಕ್ಕ ಅಲ್ಲ. 1947ರ ನವೆಂಬರ್ 29ರಂದು ಪ್ಯಾಲೆಸ್ಟೈನ್ ವಿಭಜನೆಯ ನಿರ್ಣಯ ಸಾಮಾನ್ಯ ಸಭೆಯ ಮುಂದೆ ಬಂತು. ಪರ 33, ವಿರೋಧ 13. ಹತ್ತು ದೇಶಗಳು ಅಬ್‌ಸ್ಟೇನ್ ಮಾಡಿದವು. ಆ ನೆಲವನ್ನು ಆಗ ಆಳುತ್ತಿದ್ದ ಬ್ರಿಟನ್ ಕೂಡ ಆ ಹತ್ತರಲ್ಲಿ ಒಂದು. ಗೆಲ್ಲಲು ಮೂರನೇ ಎರಡರಷ್ಟು ಮತ ಬೇಕಿತ್ತು. ಆದರೆ ಯಾರ ಮೂರನೇ ಎರಡು? ‘ಹಾಜರಿದ್ದು ಮತ ಹಾಕಿದವರು’ ಎನ್ನುತ್ತದೆ ವಿಶ್ವಸಂಸ್ಥೆಯ ಸಂವಿಧಾನ. ಅಬ್‌ಸ್ಟೇನ್ ಮಾಡಿದವರನ್ನು ಮತ ಹಾಕಿದವರೆಂದು ಎಣಿಸಬಾರದು ಎನ್ನುತ್ತದೆ ಸಭೆಯ ನಿಯಮ. ಹಾಗಾಗಿ ಲೆಕ್ಕಕ್ಕೆ ಬಂದದ್ದು 46 ಮತ. ಅದರಲ್ಲಿ 33 ಅಂದರೆ ಶೇ 71ಕ್ಕೂ ಜಾಸ್ತಿ. ನಿರ್ಣಯ ಗೆದ್ದಿತು. ಆ ಹತ್ತು ದೇಶಗಳನ್ನೂ ಸೇರಿಸಿ 56ರ ಮೇಲೆ ಲೆಕ್ಕ ಹಾಕಿದ್ದರೆ 33 ಮತ ಶೇ 59ರಷ್ಟು ಮಾತ್ರ ಆಗುತ್ತಿತ್ತು. ನಿರ್ಣಯ ಬೀಳುತ್ತಿತ್ತು. ಒಂದು ಪ್ರದೇಶದ ಹಣೆಬರಹ ಹೀಗೆ ಛೇದದ ಅಂಕಿಯ ಮೇಲೆ ನಿಂತಿತ್ತು ಎಂಬುದನ್ನು ಓದಿದಾಗ ನನಗೆ ಈ ಪದದ ಮೇಲಿದ್ದ ಉದಾಸೀನ ಹೋಯಿತು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಭಾರತದ ಲೋಕಸಭೆಯಲ್ಲೇ ಇದೆ. 1993ರ ಮೇ 11ರಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರನ್ನು ಪದಚ್ಯುತಗೊಳಿಸುವ ನಿರ್ಣಯ ಮತಕ್ಕೆ ಬಂತು. ಪರವಾಗಿ 196 ಮತ ಬಿತ್ತು. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. ಆದರೂ ನಿರ್ಣಯ ಸೋತಿತು. ಹೇಗೆ? ಸದನದಲ್ಲೇ ಇದ್ದ ಕಾಂಗ್ರೆಸ್ ಮತ್ತು ಅದರ ಮಿತ್ರಪಕ್ಷಗಳ 205 ಸದಸ್ಯರು ಅಬ್‌ಸ್ಟೇನ್ ಮಾಡಿದ್ದರು. ಸಂವಿಧಾನದ 124ನೇ ವಿಧಿಯ ಪ್ರಕಾರ ಇಂಥ ನಿರ್ಣಯಕ್ಕೆ ಎರಡು ಷರತ್ತುಗಳಿವೆ. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಜೊತೆಗೆ ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರೂ ಒಪ್ಪಬೇಕು. ಮೊದಲ ಷರತ್ತಿನಲ್ಲಿ 196ಕ್ಕೆ 196, ನೂರಕ್ಕೆ ನೂರು ಗೆಲುವು. ಎರಡನೆಯದಕ್ಕೆ 270ಕ್ಕೂ ಮೀರಿ ಮತ ಬೇಕಿತ್ತು. ಅಲ್ಲಿಗೆ ಮುಗಿಯಿತು. ಆ 205 ಜನರನ್ನು ‘ತಟಸ್ಥ’ ಎಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ. ‘ಬೇಡ’ ಎಂಬ ಗುಂಡಿ ಒತ್ತಿದ್ದರೆ ಏನಾಗುತ್ತಿತ್ತೋ ಅದೇ ಆಯಿತು. ನ್ಯಾಯಮೂರ್ತಿಯ ಪರ ನಿಂತರು ಎಂಬ ಗುರುತು ಮಾತ್ರ ದಾಖಲೆಯಲ್ಲಿ ಉಳಿಯಲಿಲ್ಲ.

ಇನ್ನು ಸ್ವೀಡನ್ ನೋಡಿ, ಅಲ್ಲಿ ಲೆಕ್ಕ ಮತ್ತೊಂದು ದಿಕ್ಕಿಗೆ ತಿರುಗುತ್ತದೆ. ಅಲ್ಲಿನ ಸಂಸತ್ತಿನಲ್ಲಿ 349 ಸ್ಥಾನಗಳಿವೆ. ಪ್ರಧಾನಿ ಆಗಲು ಬಹುಮತದ ಬೆಂಬಲ ಬೇಕಿಲ್ಲ. ಬಹುಮತದ ವಿರೋಧ ಇರದಿದ್ದರೆ ಸಾಕು. ಅಂದರೆ 175 ಜನ ‘ಬೇಡ’ ಎನ್ನಬಾರದು, ಅಷ್ಟೇ. 2021ರ ನವೆಂಬರ್ 24ರಂದು ಮಗ್ದಲೇನಾ ಆಂಡರ್ಸನ್ ಅವರ ಹೆಸರು ಮತಕ್ಕೆ ಬಂದಾಗ ಬೇಕು ಎಂದವರು 117, ಬೇಡ ಎಂದವರು 174, ಅಬ್‌ಸ್ಟೇನ್ ಮಾಡಿದವರು 57. ಬೇಡ ಎಂದವರೇ ಎಷ್ಟೋ ಜಾಸ್ತಿ. ಆದರೂ ಆಂಡರ್ಸನ್ ಗೆದ್ದರು. ಮಿತ್ರಪಕ್ಷ ಸರ್ಕಾರದಿಂದ ಹೊರನಡೆದಿದ್ದರಿಂದ ಅದೇ ದಿನ ರಾಜೀನಾಮೆ ಕೊಡಬೇಕಾಯಿತು. ಐದು ದಿನಗಳ ನಂತರ ಮತ್ತೆ ಮತದಾನ ಆಯಿತು. ಈ ಸಲ ಬೇಕು 101, ಬೇಡ 173, ಅಬ್‌ಸ್ಟೇನ್ 75. ಪರ ಮತ ಇನ್ನೂ ಕಡಿಮೆಯಾಯಿತು, ಆದರೂ ಮತ್ತೆ ಗೆದ್ದರು. ಇಲ್ಲಿ ಅಬ್‌ಸ್ಟೇನ್ ಮಾಡಿದವರು ಕೊಟ್ಟದ್ದು ಸದ್ದಿಲ್ಲದ ಒಪ್ಪಿಗೆ.

ಈ ಮೂರು ಉದಾಹರಣೆಗಳಲ್ಲಿ ಕ್ರಿಯಾಪದ ಒಂದೇ. 1947ರಲ್ಲಿ ಅದರ ಪರಿಣಾಮ ‘ನಮ್ಮನ್ನು ಲೆಕ್ಕಕ್ಕೆ ಹಿಡಿಯಬೇಡಿ’. 1993ರಲ್ಲಿ ‘ಬೇಡ’. 2021ರಲ್ಲಿ ‘ಆಗಲಿ ಬಿಡಿ’. ಯಾವ ಅರ್ಥ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಮತ ಹಾಕದವರ ಮನಸ್ಸಲ್ಲ, ಸಭೆಯ ನಿಯಮ. ಅದಕ್ಕೇ ಇಂಥ ಸುದ್ದಿಯಲ್ಲಿ ಗೆಲುವಿಗೆ ಎಷ್ಟು ಮತ ಬೇಕಿತ್ತು, ಯಾವುದರ ಎಷ್ಟು ಭಾಗ ಬೇಕಿತ್ತು ಎಂಬ ಒಂದು ಸಾಲು ಇರಲೇಬೇಕು. ಅದಿಲ್ಲದೆ ಅಬ್‌ಸ್ಟೇನ್ ಎಂಬ ಅಂಕಿಯನ್ನು ಮಾತ್ರ ಕೊಟ್ಟರೆ ಓದುಗರಿಗೆ ಏನೂ ಕೊಟ್ಟಂತಾಗುವುದಿಲ್ಲ.

ಸ್ಪೇನ್‌ನಲ್ಲೂ 2016ರ ಅಕ್ಟೋಬರ್‌ನಲ್ಲಿ ಇಂಥದ್ದೇ ನಡೆಯಿತು. ಮರಿಯಾನೊ ರಹೋಯ್ ಪ್ರಧಾನಿ ಆದದ್ದು 170 ಪರ ಮತ, 111 ವಿರೋಧ ಮತದಿಂದ. ಬಾಕಿ 68 ಮಂದಿ, ಎದುರಾಳಿ ಸಮಾಜವಾದಿ ಪಕ್ಷದವರು, ಅಬ್‌ಸ್ಟೇನ್ ಮಾಡಿ ದಾರಿ ಬಿಟ್ಟರು.

ಅಮೆರಿಕದ ಕೆಳಮನೆಯಲ್ಲಿ ಅಬ್‌ಸ್ಟೇನ್ ಎಂಬ ಮಾತೇ ಬಳಕೆಯಲ್ಲಿಲ್ಲ. ಅಲ್ಲಿ ಸದಸ್ಯರು ‘ಪ್ರೆಸೆಂಟ್’ ಅನ್ನುತ್ತಾರೆ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ಇಲ್ಲಿದ್ದೇನೆ, ಆದರೆ ಯಾರ ಕಡೆಗೂ ಇಲ್ಲ. ಅಬ್‌ಸ್ಟೇನ್ ಮಾಡುವುದು ಗೈರಾಗುವುದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? 2023ರ ಜನವರಿಯಲ್ಲಿ ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು ನಾಲ್ಕು ದಿನ ಒದ್ದಾಡಿದರು. ಹದಿನಾಲ್ಕು ಸುತ್ತು ಸೋತರು. ಹದಿನೈದನೇ ಸುತ್ತಿನಲ್ಲಿ ಅವರದೇ ಪಕ್ಷದ ಆರು ಬಂಡಾಯಗಾರರು ‘ಪ್ರೆಸೆಂಟ್’ ಎಂದರು. ಯಾರದಾದರೂ ಹೆಸರು ಹೇಳಿ ಹಾಕಿದ ಮತಗಳಷ್ಟೇ ಲೆಕ್ಕ. ಆ ಲೆಕ್ಕ 434ರಿಂದ 428ಕ್ಕೆ ಇಳಿಯಿತು. ಬೇಕಾದ ಮತ 218ರಿಂದ 215ಕ್ಕೆ ಇಳಿಯಿತು. ಅವರಿಗೆ ಬಂದದ್ದು 216. ಆ ಆರು ಜನ ಅವರಿಗೆ ಮತ ಹಾಕಲಿಲ್ಲ, ಆದರೆ ಗೆಲ್ಲಿಸಿದರು.

ಬ್ರಿಟನ್ನಿನ ಕೆಳಮನೆ ಇದಕ್ಕೂ ವಿಚಿತ್ರ. ಅಲ್ಲಿ ಮತ ಹಾಕುವುದೆಂದರೆ ‘ಹೌದು’, ‘ಇಲ್ಲ’ ಎಂಬ ಎರಡು ಪಡಸಾಲೆಗಳಲ್ಲಿ ಒಂದನ್ನು ಹಾದುಹೋಗುವುದು. ಮೂರನೇ ಪಡಸಾಲೆ ಇಲ್ಲ. ಹಾಗಾಗಿ ಒಬ್ಬ ಸಂಸದ ಬೇಕಂತಲೇ ಮತ ಹಾಕಲಿಲ್ಲವೋ, ಆಸ್ಪತ್ರೆಯಲ್ಲಿ ಮಲಗಿದ್ದರೋ, ದಾಖಲೆಯಿಂದ ತಿಳಿಯುವುದಿಲ್ಲ. ಕೆಲವರು ತಮ್ಮ ನಿಲುವು ಕಾಣಲಿ ಅಂತ ಎರಡೂ ಪಡಸಾಲೆಗಳಲ್ಲಿ ನಡೆದು ಬರುತ್ತಾರೆ. ಒಂದು ಮತ ಇನ್ನೊಂದನ್ನು ಹೊಡೆದುಹಾಕುತ್ತದೆ, ಹೆಸರು ಮಾತ್ರ ಉಳಿಯುತ್ತದೆ. ‘ನಾನು ಇದ್ದೆ’ ಎಂದು ಹೇಳಲು ಮನುಷ್ಯ ಎಷ್ಟು ದೂರ ನಡೆಯುತ್ತಾನೆ ನೋಡಿ.

ಅಬ್‌ಸ್ಟೇನ್ ಮತ್ತು ಅಬ್‌ಸೆಂಟ್ ಒಂದೇ ಮತದಾನದಲ್ಲಿ ಅಕ್ಕಪಕ್ಕ ಕಾಣಿಸಿಕೊಂಡ ಪ್ರಸಂಗವೊಂದಿದೆ. 1950ರ ಜೂನ್ 25. ಕೊರಿಯಾ ಯುದ್ಧ ಶುರುವಾದ ದಿನ. ಭದ್ರತಾ ಮಂಡಳಿಯಲ್ಲಿ ಆಗ ಹನ್ನೊಂದು ಸದಸ್ಯರು. ಉತ್ತರ ಕೊರಿಯಾ ತನ್ನ ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು ಎಂಬ 82ನೇ ನಿರ್ಣಯಕ್ಕೆ ಒಂಬತ್ತು ಮತ ಬಂತು. ಯುಗೊಸ್ಲಾವಿಯಾ ಅಬ್‌ಸ್ಟೇನ್ ಮಾಡಿತು. ಸೋವಿಯತ್ ಒಕ್ಕೂಟದ ಕುರ್ಚಿ ಖಾಲಿ ಇತ್ತು. ಚೀನಾದ ಸ್ಥಾನ ಕಮ್ಯುನಿಸ್ಟ್ ಸರ್ಕಾರಕ್ಕೆ ಸಿಗಲಿಲ್ಲ ಎಂದು ಅದು ಜನವರಿಯಿಂದ ಮಂಡಳಿಯನ್ನು ಬಹಿಷ್ಕರಿಸಿತ್ತು. ಬಂದಿದ್ದರೆ, ಕಾಯಂ ಸದಸ್ಯನಾದ್ದರಿಂದ, ‘ಬೇಡ’ ಎಂಬ ಒಂದೇ ಮತದಿಂದ ಎಲ್ಲವನ್ನೂ ನಿಲ್ಲಿಸಬಹುದಿತ್ತು. ಬರಲಿಲ್ಲ. ವಿಶ್ವಸಂಸ್ಥೆಯ ಹೆಸರಿನಲ್ಲಿ ಸೇನೆ ಕೊರಿಯಾಕ್ಕೆ ಹೋಯಿತು. ಆಗಸ್ಟ್‌ನಲ್ಲಿ ಸೋವಿಯತ್ ಪ್ರತಿನಿಧಿ ವಾಪಸ್ ಬಂದರು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಭದ್ರತಾ ಮಂಡಳಿಯಲ್ಲಿ ಈ ಪದಕ್ಕೆ ಇನ್ನೊಂದು ಕಥೆ ಇದೆ. ನಿರ್ಣಯಕ್ಕೆ ಐದು ಕಾಯಂ ಸದಸ್ಯರ ‘ಸಹಮತದ ಮತ’ ಇರಬೇಕು ಎನ್ನುತ್ತದೆ ವಿಶ್ವಸಂಸ್ಥೆಯ ಸಂವಿಧಾನದ 27ನೇ ವಿಧಿ. ಅಕ್ಷರಶಃ ಓದಿದರೆ ಐದೂ ದೇಶಗಳು ‘ಬೇಕು’ ಎನ್ನಲೇಬೇಕು. ಆದರೆ 1946ರಲ್ಲೇ ಸೋವಿಯತ್ ಒಕ್ಕೂಟ ಸ್ಪೇನ್ ವಿಷಯದ ನಿರ್ಣಯವೊಂದಕ್ಕೆ ಅಬ್‌ಸ್ಟೇನ್ ಮಾಡಿತು. ಅದನ್ನು ಯಾರೂ ವೀಟೊ, ಅಂದರೆ ನಿರ್ಣಯವನ್ನೇ ತಡೆಯುವ ಮತ ಎಂದು ಎಣಿಸಲಿಲ್ಲ. ಹಾಗೇ ರೂಢಿಯಾಯಿತು. ಮುಂದೆ ನಮೀಬಿಯಾ ವಿಷಯದಲ್ಲಿ, ಕಾಯಂ ಸದಸ್ಯರು ಅಬ್‌ಸ್ಟೇನ್ ಮಾಡಿದ್ದರಿಂದ ನಿರ್ಣಯ ಸಿಂಧುವಲ್ಲ ಎಂದು ದಕ್ಷಿಣ ಆಫ್ರಿಕಾ ವಾದಿಸಿತು. 1971ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಅದೇ 27ನೇ ವಿಧಿಯ ಕೊನೆಯಲ್ಲಿ ಅಬ್‌ಸ್ಟೇನ್ ಎಂಬ ಪದ ಕರ್ತವ್ಯವಾಗಿಯೂ ಬರುತ್ತದೆ. ವಿವಾದವನ್ನು ಶಾಂತಿಯಿಂದ ಬಗೆಹರಿಸುವ ನಿರ್ಣಯಗಳಲ್ಲಿ ಆ ವಿವಾದಕ್ಕೆ ಸೇರಿದ ದೇಶವೇ ಮತ ಹಾಕಬಾರದು ಎನ್ನುತ್ತದೆ ಅದು. ತನ್ನದೇ ಜಗಳದಲ್ಲಿ ತಾನೇ ತೀರ್ಪುಗಾರ ಆಗಬಾರದು ಅಲ್ವಾ?

ವೀಟೊ ಇರುವ ದೇಶ ಅಬ್‌ಸ್ಟೇನ್ ಮಾಡಿದರೆ ಅದರ ತೂಕವೇ ಬೇರೆ. 2024ರ ಮಾರ್ಚ್ 25ರಂದು, ರಂಜಾನ್ ತಿಂಗಳಲ್ಲಿ ಗಾಜಾದಲ್ಲಿ ಕದನ ವಿರಾಮ ಆಗಬೇಕೆಂಬ ನಿರ್ಣಯ ಹದಿನಾಲ್ಕು ಮತಗಳಿಂದ ಪಾಸಾಯಿತು. ಅಮೆರಿಕ ಅಬ್‌ಸ್ಟೇನ್ ಮಾಡಿತು. ಅದಕ್ಕೂ ಮುಂಚೆ ಇಂಥ ಕರಡುಗಳನ್ನು ಅದು ವೀಟೊದಿಂದ ತಡೆದಿತ್ತು. ಅದಕ್ಕೇ ಆ ದಿನದ ಮೌನವೇ ದೊಡ್ಡ ಸುದ್ದಿ. 2025ರ ನವೆಂಬರ್ 17ರಂದು ಗಾಜಾ ಕುರಿತ ಅಮೆರಿಕದ ಯೋಜನೆಗೆ ಮಂಡಳಿ ಒಪ್ಪಿಗೆ ಕೊಟ್ಟಾಗ ಪಾತ್ರಗಳು ಅದಲು ಬದಲಾದವು. ಪರ ಹದಿಮೂರು ಮತ. ರಷ್ಯಾ, ಚೀನಾ ಅಬ್‌ಸ್ಟೇನ್. ಎರಡೂ ದೇಶಗಳು ನಿರ್ಣಯವನ್ನು ಟೀಕಿಸಿದವು, ಆದರೆ ತಡೆಯಲಿಲ್ಲ. ಒಪ್ಪಿಗೆ ಇಲ್ಲ, ಅಡ್ಡಿಯೂ ಇಲ್ಲ. ಈ ಸಣ್ಣ ಜಾಗದಲ್ಲಿ ನಿಲ್ಲಲು ರಾಜತಾಂತ್ರಿಕರಿಗೆ ಅಬ್‌ಸ್ಟೇನ್ ಬಿಟ್ಟರೆ ಬೇರೆ ಪದ ಇಲ್ಲ.

ಆ ಸಣ್ಣ ಜಾಗವೂ ಬೇಡ ಅನ್ನಿಸಿದರೆ ಎದ್ದು ಹೋಗಬೇಕು. 2023ರ ಡಿಸೆಂಬರ್ 14ರಂದು ಉಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಶುರು ಮಾಡಲು ಯುರೋಪಿಯನ್ ಒಕ್ಕೂಟದ ನಾಯಕರು ತೀರ್ಮಾನಿಸುವಾಗ ಹಂಗೇರಿಯ ವಿಕ್ಟರ್ ಓರ್ಬಾನ್ ಕೋಣೆಯಿಂದ ಹೊರಗೆ ನಡೆದರು. ಉಳಿದ 26 ನಾಯಕರು ಒಪ್ಪಿದರು. ಓರ್ಬಾನ್ ಆರಿಸಿಕೊಂಡದ್ದು ಅಬ್‌ಸೆಂಟ್. ಕೋಣೆಯಲ್ಲಿ ಕುಳಿತು ಮತ ಹಾಕದಿದ್ದರೆ ಆ ತೀರ್ಮಾನ ಆದಾಗ ತಾನೂ ಅಲ್ಲಿದ್ದೆ ಎಂದಾಗುತ್ತದೆ. ಹೊರಗಿದ್ದರೆ ತನ್ನ ಪಾಲೇ ಇಲ್ಲ ಎನ್ನಬಹುದು.

ಭಾರತದ ಸಂಸತ್ತಿನಲ್ಲೂ ಮೂರು ಗುಂಡಿಗಳಿವೆ, ಹಸಿರು, ಕೆಂಪು, ಹಳದಿ. ಆದರೆ ಇಲ್ಲಿ ಹಳದಿ ಗುಂಡಿಗೆ ಸ್ವಾತಂತ್ರ್ಯ ಕಡಿಮೆ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನು, ಅಂದರೆ ಸಂವಿಧಾನದ ಹತ್ತನೇ ಅನುಸೂಚಿ, ಪಕ್ಷದ ಸೂಚನೆಗೆ ವಿರುದ್ಧವಾಗಿ ‘ಮತ ಹಾಕಿದರೆ’ ಮಾತ್ರವಲ್ಲ, ‘ಮತ ಹಾಕದೆ ಉಳಿದರೆ’ ಕೂಡ ಸದಸ್ಯತ್ವ ಹೋಗಬಹುದು ಎನ್ನುತ್ತದೆ. ಪಕ್ಷ ಹದಿನೈದು ದಿನಗಳೊಳಗೆ ಕ್ಷಮಿಸಿದರೆ ಬಚಾವ್. ಇದರ ಇನ್ನೊಂದು ಮುಖವೂ ಇದೆ. ‘ಅಬ್‌ಸ್ಟೇನ್ ಮಾಡಿ’ ಎಂದೇ ಪಕ್ಷ ವಿಪ್ ಹೊರಡಿಸಬಹುದು. ಆಗ ಮತ ಹಾಕುವುದೇ ತಪ್ಪಾಗುತ್ತದೆ. ಮನಸ್ಸಾಕ್ಷಿಗೆ ಇರಲಿ ಎಂದು ಇಟ್ಟ ಗುಂಡಿಯೂ ಪಕ್ಷದ ಕೈಗೆ ಹೋಗಿದೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸದನ ಬಿಟ್ಟು ಮತಗಟ್ಟೆಗೆ ಬಂದರೆ ಇಂಗ್ಲಿಷ್ ಪದವೇ ಸ್ವಲ್ಪ ಮಸುಕಾಗುತ್ತದೆ. ಫ್ರೆಂಚ್, ಇಟಾಲಿಯನ್ ಭಾಷೆಗಳಲ್ಲಿ ಇದೇ ಬೇರಿನ ಪದವನ್ನು ಮತಗಟ್ಟೆಗೆ ಹೋಗದ ಮತದಾರರಿಗೆಲ್ಲ ಬಳಸುತ್ತಾರೆ. ಆ ಪ್ರಭಾವದಿಂದ ಇಂಗ್ಲಿಷ್ ವರದಿಗಳಲ್ಲೂ ಕಡಿಮೆ ಮತದಾನವನ್ನು ಅಬ್‌ಸ್ಟೆನ್ಶನ್ ಎನ್ನುವುದುಂಟು. ಇಟಲಿಯಲ್ಲಿ ಇದಕ್ಕೆ ಕಾರಣವೂ ಇದೆ. ಅಲ್ಲಿ ಕಾನೂನು ರದ್ದುಮಾಡುವ ಜನಮತಗಣನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮತದಾರರು ಬರದಿದ್ದರೆ ಫಲಿತಾಂಶವೇ ಅಸಿಂಧು. ಹಾಗಾಗಿ ಮನೆಯಲ್ಲಿ ಉಳಿಯುವುದೂ ಅಲ್ಲಿ ಒಂದು ತಂತ್ರ. 2025ರ ಜೂನ್‌ನ ಜನಮತಗಣನೆಗೆ ಬಂದವರು ಶೇ 30ರಷ್ಟು ಮಾತ್ರ, ಎಲ್ಲವೂ ಬಿದ್ದುಹೋಯಿತು. ಐರ್ಲೆಂಡ್‌ನ ಶಿನ್ ಫೇನ್ ಪಕ್ಷದ್ದು ಮತ್ತೂ ಬೇರೆ. ಬ್ರಿಟಿಷ್ ಸಂಸತ್ತಿಗೆ ಚುನಾವಣೆಗೆ ನಿಲ್ಲುತ್ತಾರೆ, ಗೆಲ್ಲುತ್ತಾರೆ, ಆದರೆ ಹೋಗಿ ಕೂರುವುದಿಲ್ಲ. 1918ರಲ್ಲಿ ಆ ಸದನಕ್ಕೆ ಆಯ್ಕೆಯಾದ ಮೊದಲ ಮಹಿಳೆ ಕಾನ್‌ಸ್ಟನ್ಸ್ ಮಾರ್ಕಿಯೆವಿಚ್ ಕೂಡ ಇದೇ ಪಕ್ಷದವರು, ಅವರೂ ಅಲ್ಲಿ ಕೂರಲಿಲ್ಲ. ಇದಕ್ಕೂ ಇಂಗ್ಲಿಷ್‌ನಲ್ಲಿ ಇದೇ ಬೇರಿನ ಪದ.

ಮತದಾರ ನಿಜವಾದ ಅರ್ಥದಲ್ಲಿ ಅಬ್‌ಸ್ಟೇನ್ ಮಾಡಬೇಕಾದರೆ ಮತಗಟ್ಟೆಗೆ ಹೋಗಿ ತನ್ನ ಮತವನ್ನು ತಡೆಯಬೇಕು. ಭಾರತದಲ್ಲಿ ಚುನಾವಣೆಯ 49-ಒ ನಿಯಮದಡಿ ಇದಕ್ಕೆ ಅವಕಾಶ ಇತ್ತು. ಆದರೆ ಅಧಿಕಾರಿಯ ಮುಂದೆ ಹೇಳಿ, ಪುಸ್ತಕದಲ್ಲಿ ಬರೆಸಬೇಕಿತ್ತು. ಗುಟ್ಟು ಎಲ್ಲಿ ಉಳಿಯಿತು? 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಮತಯಂತ್ರದ ಕೊನೆಯಲ್ಲಿ ನೋಟಾ ಬಂತು. ನೋಟಾ ಎಂದರೆ ಅಬ್‌ಸ್ಟೇನ್ ಎಂದು ಕೆಲವರು ವಿವರಿಸುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ನೋಟಾ ‘ಇವರಲ್ಲಿ ಯಾರೂ ಬೇಡ’ ಎಂದು ಬಾಯಿ ಬಿಟ್ಟು ಹೇಳುತ್ತದೆ. ಅಬ್‌ಸ್ಟೇನ್ ಏನನ್ನೂ ಹೇಳುವುದಿಲ್ಲ. ಫಲಿತಾಂಶದ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ನೋಟಾಕ್ಕೆ 2 ಲಕ್ಷಕ್ಕೂ ಹೆಚ್ಚು ಮತ ಬಿದ್ದರೂ ಗೆದ್ದವರ ಗೆಲುವಿಗೆ ಏನೂ ಆಗಲಿಲ್ಲ.

ಹಾಗಾದರೆ ಕನ್ನಡದಲ್ಲಿ ಏನೆನ್ನೋಣ?

‘ಗೈರು’ ಖಂಡಿತ ಬೇಡ. ಅದು ಹಾಜರಿ ಪುಸ್ತಕದ ಮಾತು, ಅಬ್‌ಸೆಂಟ್ ಎಂಬುದಕ್ಕೆ ಸರಿಯಾದ ಪದ. ‘ಬಹಿಷ್ಕಾರ’ ಬೇರೆ, 1950ರ ಸೋವಿಯತ್ ಒಕ್ಕೂಟಕ್ಕೆ ಅದು ಹೊಂದುತ್ತದೆ. ‘ಸಭಾತ್ಯಾಗ’ವೂ ಬೇರೆ, ಅದು ಎದ್ದು ಹೊರನಡೆಯುವುದು. ‘ತಟಸ್ಥ’ ಬಹಳ ಚೆಂದದ ಪದ. ತಟ ಅಂದರೆ ದಡ. ದಡದ ಮೇಲೆ ನಿಂತವನು. ಹೊಳೆಯ ಸೆಳೆತ ಅವನಿಗೆ ತಾಗುವುದಿಲ್ಲ. ಆದರೆ ಅಬ್‌ಸ್ಟೇನ್ ಮಾಡಿದವರು ದಡದಲ್ಲಿ ಇರುವುದಿಲ್ಲ, ಹೊಳೆಯ ಮಧ್ಯದಲ್ಲೇ ನಿಂತಿರುತ್ತಾರೆ. ಅವರು ನಿಂತ ಜಾಗದಿಂದ ನೀರು ಬೇರೆ ಕಡೆ ತಿರುಗುತ್ತದೆ. ಜೊತೆಗೆ ‘ತಟಸ್ಥ’ ಎಂಬುದು ಮನಸ್ಸಿನೊಳಗಿನ ನಿಲುವನ್ನು ಹೇಳುವ ಪದ. ಅಬ್‌ಸ್ಟೇನ್ ಹೇಳುವುದು ಕೈ ಮಾಡಿದ್ದನ್ನು ಅಷ್ಟೇ. ಮನಸ್ಸಿನಲ್ಲಿ ಕಟು ವಿರೋಧ ಇರಬಹುದು, ಪೂರ್ತಿ ಒಪ್ಪಿಗೆಯೂ ಇರಬಹುದು. 1948ರಲ್ಲಿ ಮಾನವ ಹಕ್ಕುಗಳ ಘೋಷಣೆಗೆ 48 ದೇಶಗಳು ಮತ ಹಾಕಿದಾಗ ಎಂಟು ದೇಶಗಳು ಅಬ್‌ಸ್ಟೇನ್ ಮಾಡಿದವು. ಅವುಗಳಲ್ಲಿ ಸೋವಿಯತ್ ಒಕ್ಕೂಟ ಇತ್ತು, ಸೌದಿ ಅರೇಬಿಯಾ ಇತ್ತು, ವರ್ಣಭೇದದ ದಕ್ಷಿಣ ಆಫ್ರಿಕಾವೂ ಇತ್ತು. ಆ ಮೂವರ ಮನಸ್ಸಿನಲ್ಲಿದ್ದ ತಕರಾರು ಬೇರೆ ಬೇರೆ. ಯಾರೂ ದಡದಲ್ಲಿ ನಿಂತವರಲ್ಲ.

‘ದೂರ ಉಳಿದರು’ ಪರವಾಗಿಲ್ಲ, ಆದರೆ ಸಭೆಯಿಂದಲೇ ದೂರ ಉಳಿದರೋ ಮತದಿಂದ ಮಾತ್ರವೋ ತಿಳಿಯುವುದಿಲ್ಲ. ನನಗೆ ಹಿಡಿಸಿದ್ದು ‘ತಡೆಹಿಡಿ’. ಲ್ಯಾಟಿನ್ ಪದದಲ್ಲಿರುವ ‘ಹಿಡಿ’ ಇದರಲ್ಲೂ ಇದೆ. ‘ತನ್ನ ಮತವನ್ನು ತಡೆಹಿಡಿಯಿತು’ ಎಂದರೆ ಮತ ಇತ್ತು, ಕೈಯಲ್ಲೇ ಉಳಿಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ‘ತನ್ನ’ ಎಂಬುದನ್ನು ಬಿಟ್ಟರೆ ಮಾತ್ರ ಬೇರೆಯವರ ಮತ ತಡೆದಂತೆ ಕೇಳುತ್ತದೆ, ಅಲ್ಲಿ ಎಚ್ಚರ ಬೇಕು. ತಲೆಬರಹಕ್ಕೆ ಇದು ಭಾರ ಅನ್ನಿಸಿದರೆ ‘ಹಾಜರಿದ್ದೂ ಮತ ಹಾಕಲಿಲ್ಲ’ ಸಾಕು. ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಈ ಪದಗಳನ್ನು ಒರೆಗೆ ಹಚ್ಚಲು 2025ರ ಫೆಬ್ರುವರಿ 24ರ ಒಂದೇ ದಿನ ಸಾಕು. ಉಕ್ರೇನ್ ಯುದ್ಧ ಮೂರು ವರ್ಷ ಮುಗಿಸಿದ ದಿನ. ಸಾಮಾನ್ಯ ಸಭೆಯಲ್ಲಿ ಅಮೆರಿಕ ಒಂದು ನಿರ್ಣಯ ಮಂಡಿಸಿತು. ಯುರೋಪಿನ ದೇಶಗಳು ತಂದ ತಿದ್ದುಪಡಿಗಳು ಅದರೊಳಗೆ ಸೇರಿದವು. ಕೊನೆಗೆ ಮತಕ್ಕೆ ಹಾಕಿದಾಗ ಅಮೆರಿಕ ಅಬ್‌ಸ್ಟೇನ್ ಮಾಡಿತು. ಅದೇ ದಿನ ಭದ್ರತಾ ಮಂಡಳಿಯಲ್ಲಿ ಆ ತಿದ್ದುಪಡಿಗಳಿಲ್ಲದ ಕರಡು ಬಂತು. ಈ ಸಲ ಬ್ರಿಟನ್, ಫ್ರಾನ್ಸ್ ಸೇರಿ ಯುರೋಪಿನ ಐದು ದೇಶಗಳು ಅಬ್‌ಸ್ಟೇನ್ ಮಾಡಿದವು, ಹತ್ತು ಮತಗಳಿಂದ ನಿರ್ಣಯ ಪಾಸಾಯಿತು. ‘ಅಮೆರಿಕ ತಟಸ್ಥ’, ‘ಯುರೋಪ್ ಗೈರು’ ಎಂದು ಬರೆದರೆ ಇಡೀ ದಿನದ ಕಥೆ ಕಾಣದಂತಾಗುತ್ತದೆ. ನಡೆದದ್ದು ಹೀಗೆ: ಅಮೆರಿಕ ತಾನೇ ತಂದ ನಿರ್ಣಯಕ್ಕೆ ತಾನೇ ಮತ ಹಾಕಲಿಲ್ಲ. ಬ್ರಿಟನ್ ಮತ್ತು ಫ್ರಾನ್ಸ್ ಕೈಯಲ್ಲಿ ವೀಟೊ ಇತ್ತು, ಬಳಸಲಿಲ್ಲ.